ಟರ್ಮಿನಲ್ ಕೆಟ್ಟ ಮಾತ್ರಕ್ಕೆ ಕಂಪ್ಯೂಟರ್ ಕೆಟ್ಟಂತಲ್ಲ

ಸಂಪಾದಕರಿಗೆ,

ಮಾನ್ಯರೇ,

ನಾನು ಸದಸ್ಯನಾಗಿರುವ ಕಾಫಿ ಬೆಳೆಗಾರರ ಸಹಕಾರ ಸಂಘವೊಂದು, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಇರುವ ತನ್ನ ಹಳೆಯ ಕಂಪ್ಯೂಟರನ್ನು ಗುಜರಿ ಹರಾಜಿಗೆ ಇಡಲು ಹೊರಟಿದೆ. ಮಹಾಸಭೆಯ ಮುಂದಿಟ್ಟ ಟಿಪ್ಪಣಿಯಲ್ಲಿ ಅದಕ್ಕೆ ಕೊಟ್ಟಿರುವ ಕಾರಣ ಒಂದೇ: ಯಂತ್ರಕ್ಕೆ ಜೋಡಿಸುವ ಟರ್ಮಿನಲ್‌ಗಳು ಕೆಟ್ಟಿವೆ, ತಯಾರಿಸಿದ ಕಂಪನಿ ಈಗ ಅವುಗಳನ್ನು ಮಾರುತ್ತಿಲ್ಲ, ಆದ್ದರಿಂದ ಒಳಗಿರುವ ಲೆಕ್ಕಪತ್ರಗಳನ್ನು ಓದಲು ಸಾಧ್ಯವಿಲ್ಲ. ಸಂಘದ ಹೆಸರು ಇಲ್ಲಿ ಮುಖ್ಯವಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದೇ ಸ್ಥಿತಿಯಲ್ಲಿ ಮೂಲೆ ಸೇರಿರುವ ಯಂತ್ರ ಇದೊಂದೇ ಆಗಿರಲಾರದು. ಇಂಥ ಯಂತ್ರಗಳ ನಿರ್ವಹಣೆಯಲ್ಲೇ ನೌಕರಿಯ ಬಹುಭಾಗ ಕಳೆದವನಾಗಿ, ಆ ಕಾರಣ ತಾಂತ್ರಿಕವಾಗಿ ನಿಲ್ಲುವುದಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಬಯಸುತ್ತೇನೆ. ಟರ್ಮಿನಲ್ ಸಿಗುವುದಿಲ್ಲವೆಂದು ಕಂಪ್ಯೂಟರನ್ನೇ ತೂಕಕ್ಕೆ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಇಂದಿನ ಓದುಗರಿಗಾಗಿ, ಟರ್ಮಿನಲ್ ಎಂದರೇನು ಎಂಬುದರಿಂದಲೇ ಆರಂಭಿಸಬೇಕಾಗುತ್ತದೆ. ಆ ಕಾಲದ ಬಹುಬಳಕೆದಾರ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಡಿಸ್ಕ್, ಟೇಪ್ ಎಲ್ಲವೂ ಒಂದು ಪೆಟ್ಟಿಗೆಯಲ್ಲಿದ್ದು, ಗುಮಾಸ್ತರ ಮೇಜುಗಳ ಮೇಲೆ ಒಂದು ಪರದೆ ಮತ್ತು ಒಂದು ಕೀಬೋರ್ಡ್ ಮಾತ್ರ ಇರುತ್ತಿದ್ದವು. ಎರಡರ ನಡುವೆ ಒಂದು ಸೀರಿಯಲ್ ಕೇಬಲ್. ಆ ಪರದೆ ಮತ್ತು ಕೀಬೋರ್ಡಿನ ಜೋಡಿಯೇ ಟರ್ಮಿನಲ್. ಅದು ಸ್ವತಃ ಲೆಕ್ಕ ಮಾಡುವುದಿಲ್ಲ, ಏನನ್ನೂ ಕೂಡಿಡುವುದಿಲ್ಲ. ಒತ್ತಿದ ಕೀಲಿಯ ಸಂಕೇತವನ್ನು ಕಂಪ್ಯೂಟರಿಗೆ ಕಳಿಸುತ್ತದೆ, ಅಲ್ಲಿಂದ ಬಂದ ಸಂಕೇತವನ್ನು ಅಕ್ಷರವಾಗಿ ತೋರಿಸುತ್ತದೆ, ಅಷ್ಟೆ. ಸದಸ್ಯರ ಖಾತೆ, ಬೆಳೆಗಾರರು ಒಪ್ಪಿಸಿದ ಚೀಲಗಳ ಲೆಕ್ಕ, ಕ್ಯೂರಿಂಗ್ (ಕಾಫಿ ಸಂಸ್ಕರಣೆ) ನಂತರದ ಔಟ್‌ಟರ್ನ್ ಅಂದರೆ ಸಿಕ್ಕ ಬೀಜದ ಪ್ರಮಾಣ, ಸಾಲ ಕಡಿತ ಇವೆಲ್ಲ ಇರುವುದು ಡಿಸ್ಕಿನಲ್ಲಿ. ಮೇಜಿನ ಮೇಲಿನ ಟರ್ಮಿನಲ್ ಸುಟ್ಟು ಕರಕಲಾದರೂ ಡಿಸ್ಕಿನಲ್ಲಿರುವ ಒಂದು ಅಂಕಿಯೂ ಅಳಿಯುವುದಿಲ್ಲ.

ಹಾಗಾದರೆ ಯಾವ ಕಂಪನಿಯ ಟರ್ಮಿನಲ್ಲನ್ನಾದರೂ ಯಾವ ಕಂಪ್ಯೂಟರಿಗಾದರೂ ಜೋಡಿಸಬಹುದಿತ್ತೇ ಎಂದರೆ, ಅಕ್ಷರಗಳ ಮಟ್ಟಿಗೆ ಹೌದು, ಪರದೆಯ ಮೇಲಿನ ಚಲನೆಯ ಮಟ್ಟಿಗೆ ಇಲ್ಲ. ಅಕ್ಷರ ಮತ್ತು ಅಂಕಿಗಳಿಗೆ ಆಸ್ಕಿ ಎಂಬ 128 ಸಂಕೇತಗಳ ಒಪ್ಪಿತ ಪಟ್ಟಿಯಿತ್ತು. ಆದರೆ ಪರದೆಯನ್ನು ಅಳಿಸು, ಕರ್ಸರನ್ನು (ಮುಂದಿನ ಅಕ್ಷರ ಮೂಡುವ ಜಾಗದ ಗುರುತನ್ನು) ಐದನೆಯ ಸಾಲಿನ ಹತ್ತನೆಯ ಕಾಲಂಗೆ ಒಯ್ಯು, ಈ ಪದವನ್ನು ಪ್ರಖರವಾಗಿ ತೋರಿಸು ಎಂಬಂಥ ಆದೇಶಗಳಿಗೆ ಒಬ್ಬೊಬ್ಬ ತಯಾರಕ ಒಂದೊಂದು ಸಂಕೇತಮಾಲೆಯನ್ನು ಇಟ್ಟುಕೊಂಡಿದ್ದ. 1976ರಲ್ಲಿ ಬಂದ ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಕರ್ಸರನ್ನು ಸರಿಸಲು ಎಸ್ಕೇಪ್ ಸಂಕೇತ, ಅದರ ಹಿಂದೆ ಸಮ ಚಿಹ್ನೆ, ಆಮೇಲೆ ಸಾಲಿಗೊಂದು ಮತ್ತು ಕಾಲಂಗೊಂದು ಸಂಕೇತ ಕಳಿಸಬೇಕಿತ್ತು. ಸಾಲು ಮತ್ತು ಕಾಲಂಗಳನ್ನು ಸೊನ್ನೆಯಿಂದ ಎಣಿಸಿ 32 ಕೂಡಿಸಿದಾಗ ಬರುವುದೇ ಆ ಸಂಕೇತ, ಅಂದರೆ ಐದನೆಯ ಸಾಲಿಗೆ 36, ಹತ್ತನೆಯ ಕಾಲಂಗೆ 41. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ವಿಟಿ100 ಟರ್ಮಿನಲ್ಲಿಗೆ ಅದೇ ಕೆಲಸವನ್ನು ಹೇಳುವ ಕ್ರಮವೇ ಬೇರೆ: ಎಸ್ಕೇಪ್, ಚೌಕಾಕಾರದ ಆವರಣ ಚಿಹ್ನೆ, 5, ಅರ್ಧವಿರಾಮ, 10, ಕೊನೆಗೆ ಎಚ್ ಎಂಬ ಅಕ್ಷರ. ವಿಟಿ100ಕ್ಕೆ ಬರೆದ ಆದೇಶ ಎಡಿಎಂ-3ಎಗೆ ಹೋದರೆ ಕರ್ಸರ್ ಜಾಗ ಬಿಟ್ಟು ಕದಲದೆ, ಆವರಣ ಚಿಹ್ನೆ, ಅಂಕಿ, ಎಚ್ ಎಲ್ಲವೂ ಹಾಗೆಯೇ ಪರದೆಯ ಮೇಲೆ ಉದುರುತ್ತಿದ್ದವು. ಅಮೆರಿಕದ ಅನ್ಸಿ ಸಂಸ್ಥೆ 1979ರಲ್ಲಿ ಇಂಥ ಆದೇಶಗಳಿಗೆ ಒಂದು ಮಾನಕವನ್ನು ಅಂಗೀಕರಿಸಿತು, ವಿಟಿ100 ಹಿಡಿದದ್ದೂ ಅದೇ ದಾರಿ. ಆದರೆ ಅಷ್ಟರಲ್ಲಾಗಲೇ ಹಲವು ಕಂಪನಿಗಳ ಟರ್ಮಿನಲ್‌ಗಳು ಕಚೇರಿಗಳನ್ನು ಸೇರಿಬಿಟ್ಟಿದ್ದವು.

ಈ ಗೊಂದಲಕ್ಕೆ ಯುನಿಕ್ಸ್ ಲೋಕ ಕಂಡುಕೊಂಡ ಪರಿಹಾರವೇ ನಮ್ಮ ಸಂಘದ ಟಿಪ್ಪಣಿಗೆ ನೇರ ಉತ್ತರ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿಐ ಎಂಬ ಬರವಣಿಗೆಯ ತಂತ್ರಾಂಶವನ್ನು ರೂಪಿಸುತ್ತಿದ್ದ ಬಿಲ್ ಜಾಯ್, 1978ರ ಹೊತ್ತಿಗೆ, ಟರ್ಮಿನಲ್‌ಗಳ ಗುಣಲಕ್ಷಣಗಳನ್ನು ತಂತ್ರಾಂಶದೊಳಗೆ ಹೂತಿಡುವ ಬದಲು ಟರ್ಮ್‌ಕ್ಯಾಪ್ ಎಂಬ ಪ್ರತ್ಯೇಕ ಕಡತದಲ್ಲಿ ಬರೆದಿಡುವ ಕ್ರಮ ತಂದರು. ಅದು ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಸಾದಾ ಪಠ್ಯ. ಒಂದೊಂದು ಟರ್ಮಿನಲ್ಲಿಗೂ ಒಂದೊಂದು ನಮೂದು. ಅದರಲ್ಲಿ ಎಷ್ಟು ಸಾಲು, ಎಷ್ಟು ಕಾಲಂ, ಪರದೆ ಅಳಿಸಲು ಯಾವ ಸಂಕೇತ, ಕರ್ಸರ್ ಸರಿಸಲು ಯಾವುದು, ಮೇಲಿನ ಬಾಣದ ಕೀಲಿ ಒತ್ತಿದರೆ ಏನು ಬರುತ್ತದೆ ಎಂಬುದೆಲ್ಲ ಎರಡೆರಡು ಅಕ್ಷರಗಳ ಹೆಸರಿನಡಿ ಇರುತ್ತದೆ. ಬಳಕೆದಾರ ಟರ್ಮ್ ಎಂಬ ಒಂದು ಚರಕ್ಕೆ (ವೇರಿಯಬಲ್‌ಗೆ) ತನ್ನ ಮುಂದಿರುವ ಟರ್ಮಿನಲ್ಲಿನ ಹೆಸರು ಕೊಟ್ಟರೆ ಸಾಕು, ತಂತ್ರಾಂಶ ಆ ನಮೂದನ್ನು ಓದಿಕೊಂಡು ಅದಕ್ಕೆ ತಕ್ಕ ಆದೇಶ ಕಳಿಸುತ್ತದೆ. ಮುಂದೆ ಮಾರ್ಕ್ ಹಾರ್ಟನ್ ರೂಪಿಸಿದ ಟರ್ಮ್‌ಇನ್ಫೋ ಎಂಬ ಸುಧಾರಿತ ಕ್ರಮ ಎಟಿ ಅಂಡ್ ಟಿ ಕಂಪನಿಯ ಸಿಸ್ಟಮ್ 5 ಎಂಬ ಯುನಿಕ್ಸ್ ಆವೃತ್ತಿಯ ಎರಡನೆಯ ಬಿಡುಗಡೆಯೊಂದಿಗೆ 1984ರಲ್ಲಿ ಬಂತು. ಅದರಲ್ಲಿ ನಮೂದನ್ನು ಮೊದಲೇ ಕಂಪೈಲ್ ಮಾಡಿ, ಅಂದರೆ ಯಂತ್ರ ನೇರವಾಗಿ ಓದುವ ರೂಪಕ್ಕೆ ತಿರುಗಿಸಿ, ಇಟ್ಟಿರುವುದರಿಂದ ಪ್ರತಿ ಸಲ ಉದ್ದನೆಯ ಕಡತವನ್ನು ಹುಡುಕುವ ಹೊರೆ ತಪ್ಪಿತು. ಸಂಘದ ಯಂತ್ರ ಎರಡರಲ್ಲಿ ಯಾವುದನ್ನು ಬಳಸುತ್ತಿದ್ದರೂ ನನ್ನ ವಾದ ಬದಲಾಗುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೆಂದರೆ, ಪಟ್ಟಿಯಲ್ಲಿಲ್ಲದ ಟರ್ಮಿನಲ್ ಬಂದರೆ ಹೊಸ ನಮೂದು ಬರೆದು ಸೇರಿಸಬಹುದು, ಮತ್ತು ಅದಕ್ಕೆ ಯಂತ್ರದ ಮೇಲ್ವಿಚಾರಕನ ಅಧಿಕಾರ ಕೂಡ ಬೇಕಾಗಿಲ್ಲ. ಸಾಮಾನ್ಯ ಬಳಕೆದಾರ ತನ್ನದೇ ಡೈರೆಕ್ಟರಿಯಲ್ಲಿ ನಮೂದು ಇಟ್ಟುಕೊಂಡು, ಅದನ್ನು ಅಲ್ಲಿಂದಲೇ ಓದುವಂತೆ ಹೇಳಬಹುದಿತ್ತು. ನಮ್ಮ ದೇಶದ ಬ್ಯಾಂಕುಗಳಲ್ಲಿ, ಕಾರ್ಖಾನೆಗಳಲ್ಲಿ ಯುನಿಕ್ಸ್ ಬಳಕೆಗೆ ಬಂದ ದಿನಗಳಲ್ಲಿ ಒಂದೇ ಯಂತ್ರಕ್ಕೆ ಎರಡು ಮೂರು ಕಂಪನಿಗಳ ಟರ್ಮಿನಲ್‌ಗಳು ಜೋಡಣೆಯಾಗಿ ನೆಮ್ಮದಿಯಿಂದ ನಡೆದದ್ದು ಇದರಿಂದಲೇ. ಅಗ್ಗದ ಟರ್ಮಿನಲ್‌ಗಳಿಗೆ ಹೆಸರಾಗಿದ್ದ ವೈಸ್ ಕಂಪನಿ ಕಂಪ್ಯೂಟರ್ ತಯಾರಕನ ನೆರಳಿಲ್ಲದೆ ಮಾರುಕಟ್ಟೆ ಕಟ್ಟಿಕೊಂಡದ್ದೂ ಇಂಥ ಪಟ್ಟಿಗಳ ಬಲದಿಂದ. ಅದರ ಡಬ್ಲ್ಯೂವೈ-60 ಮಾದರಿ ಸೆಟಪ್ ಮೆನುವಿನಲ್ಲಿ ಬದಲಿಸಿದರೆ ಬೇರೆ ಹಲವು ಟರ್ಮಿನಲ್‌ಗಳಂತೆ ವರ್ತಿಸಬಲ್ಲದು. ಅಂಥದೊಂದು ಗುಜರಿ ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

ವಿಎಂಎಸ್ ಎಂಬ ಇನ್ನೊಂದು ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಪ್ರಸಂಗವನ್ನೂ ಹೇಳುತ್ತೇನೆ, ಏಕೆಂದರೆ ಅಲ್ಲಿ ತಯಾರಕನಿಗೆ ಅನ್ಯರ ಟರ್ಮಿನಲ್ ಮೇಲೆ ಅಂಥ ಒಲವಿರಲಿಲ್ಲ. ವ್ಯಾಕ್ಸ್ ಕಂಪ್ಯೂಟರುಗಳನ್ನೂ ವಿಎಂಎಸ್ಸನ್ನೂ ಮಾಡಿದ ಡಿಜಿಟಲ್ ಕಂಪನಿಯೇ ವಿಟಿ ಸರಣಿಯ ಟರ್ಮಿನಲ್‌ಗಳನ್ನೂ ಮಾರುತ್ತಿತ್ತು. ಅದರ ಇಡಿಟಿ ಎಂಬ ಬರವಣಿಗೆ ತಂತ್ರಾಂಶ ವಿಟಿ52, ವಿಟಿ100 ಅಥವಾ ಅವುಗಳಂತೆಯೇ ನಡೆಯುವ ಟರ್ಮಿನಲ್ ಇಲ್ಲದಿದ್ದರೆ ಪೂರ್ಣ ಪರದೆಯಲ್ಲಿ ತೆರೆದುಕೊಳ್ಳುತ್ತಿರಲಿಲ್ಲ. ಟರ್ಮಿನಲ್ಲನ್ನೇ 'ನೀನು ಯಾರು' ಎಂದು ಕೇಳುವ ಸಂಕೇತವೊಂದನ್ನು ಕಳಿಸಿ, ಬಂದ ಉತ್ತರದ ಮೇಲೆ ಅದರ ಜಾತಿ ನಿರ್ಧರಿಸುವ ಏರ್ಪಾಡು ವಿಎಂಎಸ್‌ನಲ್ಲಿತ್ತು. ಬೇರೆ ಕಂಪನಿಗಳು ಮಾಡಿದ್ದೇನೆಂದರೆ, ಆ ಪ್ರಶ್ನೆಗೆ ತಮ್ಮ ಟರ್ಮಿನಲ್ ಕೂಡ 'ನಾನು ವಿಟಿ100' ಎಂದೇ ಉತ್ತರಿಸುವಂತೆ ಮಾಡಿದವು! ಆದರೂ ಗ್ರಾಹಕರ ಒತ್ತಾಯಕ್ಕೆ ಡಿಜಿಟಲ್ ಸಹ ಬಾಗಿಲು ಪೂರ್ತಿ ಮುಚ್ಚಲಿಲ್ಲ ಎನ್ನಬೇಕು. ಎಫ್‌ಟಿ1ರಿಂದ ಎಫ್‌ಟಿ8ರವರೆಗೆ ಎಂಟು ಖಾಲಿ ಹೆಸರುಗಳನ್ನು ಅನ್ಯ ಕಂಪನಿಗಳ ಟರ್ಮಿನಲ್‌ಗಳಿಗೆಂದೇ ಬಿಟ್ಟಿದ್ದರು. 1984ರಲ್ಲಿ ಬಂದ ನಾಲ್ಕನೆಯ ಆವೃತ್ತಿಯ ಪರದೆ ನಿರ್ವಹಣಾ ಲೈಬ್ರರಿಯೊಂದಿಗೆ (ತಂತ್ರಾಂಶ ಬರೆಯುವವರು ಬಳಸುವ ಸಿದ್ಧ ಭಾಗಗಳೊಂದಿಗೆ) ಟರ್ಮ್‌ಟೇಬಲ್ ಎಂಬ ಪಠ್ಯ ಕಡತವೂ ಬಂತು. ಅದರಲ್ಲಿ ಹೊಸ ಟರ್ಮಿನಲ್ಲಿನ ವಿವರ ಬರೆದು ಕಂಪೈಲ್ ಮಾಡಿದರೆ, ಆ ಲೈಬ್ರರಿಯನ್ನು ಬಳಸಿ ಬರೆದ ತಂತ್ರಾಂಶಗಳು ಅನ್ಯ ಟರ್ಮಿನಲ್ಲಿನಲ್ಲೂ ಸರಿಯಾಗಿ ನಡೆಯುತ್ತಿದ್ದವು. ಇಡಿಟಿಯಂಥ ಹಳೆಯವು ನಡೆಯುತ್ತಿರಲಿಲ್ಲ, ಅದು ಬೇರೆ ಮಾತು. ಮುಂದೆ 1995ರಲ್ಲಿ ಡಿಜಿಟಲ್ ತನ್ನ ಟರ್ಮಿನಲ್ ವ್ಯವಹಾರವನ್ನೇ ಮಾರಿಬಿಟ್ಟಿತು. ವಿಎಂಎಸ್ ಮಾತ್ರ ನಿಲ್ಲಲಿಲ್ಲ. ಕೈಯಿಂದ ಕೈಗೆ ದಾಟಿ, 2022ರಲ್ಲಿ ಇಂದಿನ ಸಾಮಾನ್ಯ ಎಕ್ಸ್86 ಸರ್ವರುಗಳ ಮೇಲೂ ಬಂದಿದೆ. ಟರ್ಮಿನಲ್ಲಿನ ಆಯುಷ್ಯಕ್ಕೂ ಆಪರೇಟಿಂಗ್ ಸಿಸ್ಟಮ್‌ನ ಆಯುಷ್ಯಕ್ಕೂ ಗಂಟುಹಾಕಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಟರ್ಮಿನಲ್ಲನ್ನೂ ನಮ್ಮಲ್ಲೇ ಕೊಳ್ಳಿ ಎನ್ನುತ್ತಿದ್ದ ಕಂಪ್ಯೂಟರ್ ಮಾರಾಟಗಾರರ ಮಾತಿನಲ್ಲಿ ಹುರುಳೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ವಿಟಿ100ಕ್ಕೆ ಹೊಂದುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ಎಲ್ಲವೂ ಹೊಂದುತ್ತಿರಲಿಲ್ಲ. ಅಸಲಿ ವಿಟಿ100ರಲ್ಲಿ ಸಾಲಿನ 80ನೆಯ ಕಾಲಂನಲ್ಲಿ ಅಕ್ಷರ ಮೂಡಿದ ಕೂಡಲೇ ಕರ್ಸರ್ ಮುಂದಿನ ಸಾಲಿಗೆ ಜಿಗಿಯುವುದಿಲ್ಲ; ಮುಂದಿನ ಅಕ್ಷರ ಬರುವ ತನಕ ಅಲ್ಲೇ ಕಾಯುತ್ತದೆ. ನಕಲುಗಳಲ್ಲಿ ಕೆಲವು ಕಾಯದೆ ಜಿಗಿಯುತ್ತಿದ್ದವು. ಪರಿಣಾಮವಾಗಿ ಪರದೆಯ ಕೊನೆಯ ಸಾಲಿನ ಕೊನೆಯ ಕಾಲಂನಲ್ಲಿ ಒಂದು ಅಕ್ಷರ ಬಿದ್ದರೆ ಇಡೀ ಪರದೆ ಒಂದು ಸಾಲು ಮೇಲಕ್ಕೆ ಸರಿದು, ಲೆಡ್ಜರ್ ನಮೂನೆಯ ತಲೆಬರಹ ಮಾಯವಾಗುತ್ತಿತ್ತು. ಯುನಿಕ್ಸ್‌ನ ಪಟ್ಟಿಯಲ್ಲಿ ಈ ಒಂದು ಸಣ್ಣ ವಿಚಿತ್ರಕ್ಕೂ ಪ್ರತ್ಯೇಕ ಗುರುತು ಇತ್ತೆಂದರೆ, ಅದನ್ನು ರೂಪಿಸಿದವರು ಎಷ್ಟು ಟರ್ಮಿನಲ್‌ಗಳ ಮುಂದೆ ಕೂತು ನೋಡಿರಬೇಕು ಎಂದು ಈಗಲೂ ಆಶ್ಚರ್ಯವಾಗುತ್ತದೆ. ಫಂಕ್ಷನ್ ಕೀಲಿಗಳದು ಇನ್ನೊಂದು ತಕರಾರು: ವಿಟಿ100ರಲ್ಲಿ ಅಂಥವು ನಾಲ್ಕೇ. ಹತ್ತು ಹನ್ನೆರಡು ಕೀಲಿಗಳನ್ನು ನಂಬಿ ಬರೆದ ಲೆಕ್ಕಪತ್ರದ ತಂತ್ರಾಂಶ ಅದರ ಮೇಲೆ ಕುಂಟುತ್ತಿತ್ತು. ಇಂಥ ದೋಷ ಕಂಡಾಗ ಕಂಪ್ಯೂಟರಿನವರು ಟರ್ಮಿನಲ್ಲಿನವರನ್ನೂ, ಅವರು ಇವರನ್ನೂ ತೋರಿಸಿ ಕೈ ತೊಳೆದುಕೊಳ್ಳುವುದು ಸಾಮಾನ್ಯವಾಗಿತ್ತು. ಒಂದೇ ಕಡೆ ಎಲ್ಲ ಕೊಂಡರೆ ಆ ಓಡಾಟ ತಪ್ಪುತ್ತದೆ ಎಂದು ಅಧಿಕಾರಿಗಳು ಯೋಚಿಸಿದ್ದರೆ ಅದನ್ನು ತಪ್ಪೆನ್ನಲಾಗದು. ಆದರೆ ಅದು ಅನುಕೂಲದ ಮಾತು, ಅಸಾಧ್ಯದ ಮಾತಲ್ಲ. ಇಂದು ಸಂಘದ ಟಿಪ್ಪಣಿ ಅನುಕೂಲದ ಮಾತನ್ನು ಅಸಾಧ್ಯದ ಮಾತಾಗಿ ಬರೆದಿದೆ.

ನಮ್ಮ ಊರುಗಳಲ್ಲಿ ಟರ್ಮಿನಲ್ ಕೆಟ್ಟಿದೆ ಎನ್ನುವುದರ ಅರ್ಥವನ್ನೂ ಕೊಂಚ ಪರೀಕ್ಷಿಸಬೇಕು. ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕವನ್ನು ಸುಮಾರು 15 ಮೀಟರ್ ಅಂತರಕ್ಕೆಂದು ರೂಪಿಸಿದ್ದರು. ಕ್ಯೂರಿಂಗ್ ವರ್ಕ್ಸ್‌ನ ಗೋದಾಮಿನಿಂದ ಕಚೇರಿಗೆ, ತೂಕದ ಕಟ್ಟೆಯಿಂದ ಲೆಕ್ಕದ ಕೊಠಡಿಗೆ ಅದಕ್ಕಿಂತ ಎಷ್ಟೋ ಉದ್ದದ ತಂತಿ ಎಳೆದ ಕಡೆಗಳಲ್ಲಿ ಮುಂಗಾರು ಪೂರ್ವದ ಸಿಡಿಲಿಗೆ ಮೊದಲು ಬಲಿಯಾಗುತ್ತಿದ್ದುದು ತಂತಿಯ ಎರಡೂ ತುದಿಯಲ್ಲಿರುವ 1488 ಮತ್ತು 1489 ಎಂಬ, ಸಂಕೇತ ಕಳಿಸುವ ಮತ್ತು ಪಡೆಯುವ ಎಲೆಕ್ಟ್ರಾನಿಕ್ ಚಿಪ್‌ಗಳು. ಪರದೆ ಹತ್ತಿಕೊಂಡು ಕರ್ಸರ್ ಮಿನುಗುತ್ತಿದ್ದು, ಕೀಲಿ ಒತ್ತಿದರೆ ಮಾತ್ರ ಏನೂ ಬರುವುದಿಲ್ಲವಾದರೆ ಮೊದಲು ಸಂಶಯಿಸಬೇಕಾದದ್ದು ಅವುಗಳನ್ನು ಮತ್ತು ತಂತಿಯನ್ನು. ಬೆಸುಗೆ ಬಲ್ಲ ಯಾವುದೇ ರೇಡಿಯೋ ರಿಪೇರಿಯವರು ಅವುಗಳನ್ನು ಬದಲಿಸಬಲ್ಲರು. ನಮ್ಮ ಸಂಘದಲ್ಲಿ ಈ ಪರೀಕ್ಷೆ ನಡೆದಿದೆಯೇ ಎಂದು ಕೇಳಿದಾಗ ಉತ್ತರ ಬರಲಿಲ್ಲ.

ಇನ್ನು ಕನ್ನಡದ ವಿಷಯ. ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಅದೇ. ಆ ಯಂತ್ರದಲ್ಲಿ ಸದಸ್ಯರ ಹೆಸರು, ಊರು, ತೋಟದ ವಿವರಗಳು ಕನ್ನಡದಲ್ಲಿವೆ. ಯುನಿಕ್ಸ್ ಆ ಕಾಲದಲ್ಲಿ ಕನ್ನಡವನ್ನು ಅರಿಯದು. ಹಾಗಿದ್ದರೂ ಅದು ಸಾಧ್ಯವಾದದ್ದು ಅನ್ಯ ಕಂಪನಿಯ ಟರ್ಮಿನಲ್ಲನ್ನು ಜೋಡಿಸಲು ಬಿಡುವ ಗುಣದಿಂದಲೇ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಟರ್ಮಿನಲ್‌ಗಳು ಕಂಪ್ಯೂಟರಿನ ಕಣ್ಣಿಗೆ ವಿಟಿ ಸರಣಿಯ ಸಾಮಾನ್ಯ ಟರ್ಮಿನಲ್ಲಿನಂತೆ ಕಾಣುತ್ತಿದ್ದವು, ಆದರೆ ಬಳಕೆದಾರನ ಕಣ್ಣಿಗೆ ಭಾರತೀಯ ಲಿಪಿಗಳನ್ನು ತೋರಿಸುತ್ತಿದ್ದವು. ಅವು ಬಳಸುತ್ತಿದ್ದ ಇಸ್ಕಿ ಸಂಕೇತ ಪದ್ಧತಿ 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಆಸ್ಕಿಯ 128 ಸಂಕೇತಗಳನ್ನು ಹಾಗೆಯೇ ಬಿಟ್ಟು, ಸಂಕೇತದ ಎಂಟು ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು ಆಗುವ ಸ್ಥಾನಗಳಲ್ಲಿ) ಎಂಟನೆಯದು ಹತ್ತಿದಾಗ ದೊರೆಯುವ ಮೇಲಿನ 128 ಸ್ಥಾನಗಳಲ್ಲಿ ನಮ್ಮ ವರ್ಣಮಾಲೆಯನ್ನು ಕೂರಿಸಿದ್ದು ಅದರ ಉಪಾಯ. ಕನ್ನಡದ 'ಕ'ಗೂ ದೇವನಾಗರಿಯ, ತೆಲುಗಿನ ಕಕಾರಕ್ಕೂ ಅಲ್ಲಿ ಒಂದೇ ಸಂಕೇತ, 179. ಯಾವ ಲಿಪಿಯಲ್ಲಿ ತೋರಿಸಬೇಕು ಎಂಬುದು ಟರ್ಮಿನಲ್ಲಿನ ಕೆಲಸ.

ಈ ಎಂಟನೆಯ ಬಿಟ್ಟೇ ಅಪಾಯದ ಜಾಗವೂ ಹೌದು. ಹಳೆಯ ಯುನಿಕ್ಸ್ ಏಳು ಬಿಟ್‌ಗಳ ಜಗತ್ತಿನಲ್ಲಿ ಹುಟ್ಟಿದ್ದು. ಎಂಟನೆಯದನ್ನು ಕೆಲವು ಕಡೆ ಪ್ಯಾರಿಟಿ ಎಂಬ ತಪ್ಪು ಪತ್ತೆಯ ಕೆಲಸಕ್ಕೆ ಬಳಸುತ್ತಿದ್ದರು, ಕೆಲವು ಕಡೆ ಕತ್ತರಿಸಿ ಎಸೆಯುತ್ತಿದ್ದರು. ಬಳಕೆದಾರನ ಆದೇಶಗಳನ್ನು ಓದುವ ಹಳೆಯ ಬೋರ್ನ್ ಶೆಲ್ ತಂತ್ರಾಂಶ ಅದನ್ನು ತನ್ನ ಸ್ವಂತ ಗುರುತಿಗೆ ಇಟ್ಟುಕೊಂಡಿತ್ತು. ಟರ್ಮಿನಲ್ ಎಷ್ಟೇ ಒಳ್ಳೆಯದಿದ್ದರೂ ತಂತಿಯ ವ್ಯವಸ್ಥೆಯಲ್ಲಿ ಎಂಟನೆಯ ಬಿಟ್ ಕತ್ತರಿಸಿ ಹೋದರೆ 179ರಲ್ಲಿ 128 ಕಳೆದು 51 ಉಳಿಯುತ್ತದೆ. ಅದು ಆಸ್ಕಿಯಲ್ಲಿ 3 ಎಂಬ ಅಂಕಿ. ಹಾಸನ ಎಂಬ ನಮ್ಮ ಊರಿನ ಹೆಸರು ಇಸ್ಕಿಯಲ್ಲಿ ನಾಲ್ಕು ಸಂಕೇತ: ಹಕಾರ, ದೀರ್ಘದ ಚಿಹ್ನೆ, ಸಕಾರ, ನಕಾರ. ಎಂಟನೆಯ ಬಿಟ್ ಹೋದರೆ ಪರದೆಯ ಮೇಲೆ ಮೂಡುವುದು ಎಕ್ಸ್, ಜಡ್, ಡಬ್ಲ್ಯೂ, ಎಫ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ. ಇದನ್ನು ಕಂಡವರು ಡಿಸ್ಕ್ ಹಾಳಾಗಿದೆ, ದತ್ತಾಂಶ ಕೆಟ್ಟಿದೆ ಎಂದು ತೀರ್ಮಾನಿಸುವುದು ಸಹಜ, ಮತ್ತು ಆ ತೀರ್ಮಾನ ತಪ್ಪು. ಯುನಿಕ್ಸ್‌ನಲ್ಲಿ ಆ ತಂತಿಯ ಸಂಪರ್ಕಕ್ಕೆ ಎಂಟು ಬಿಟ್, ಪ್ಯಾರಿಟಿ ಇಲ್ಲ, ಕತ್ತರಿಸಬೇಡ ಎಂದು ಸಂಪರ್ಕ ಹೊಂದಿಸುವ ಎಸ್‌ಟಿಟಿವೈ ಆದೇಶದಲ್ಲಿ ಹೇಳಿದರೆ, ಟರ್ಮಿನಲ್ಲಿನ ಸೆಟಪ್‌ನಲ್ಲೂ ಅದನ್ನೇ ಇಟ್ಟರೆ, ಅದೇ ಡಿಸ್ಕಿನ ಅದೇ ಕಡತದಲ್ಲಿ ಹಾಸನ ಹಾಸನವಾಗಿಯೇ ಬರುತ್ತದೆ. ಟರ್ಮಿನಲ್ ಪಟ್ಟಿಗಳಿಗೆ ಎಟುಕದ ತೊಂದರೆ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ: ಆ ಪಟ್ಟಿಗಳು ಒಂದು ಸಂಕೇತಕ್ಕೆ ಒಂದು ಕಾಲಂ ಎಂದು ನಂಬಿರುತ್ತವೆ. 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಇಸ್ಕಿಯಲ್ಲಿ ಆರು ಸಂಕೇತ ಬೇಕು. ತಂತ್ರಾಂಶ ಆರು ಕಾಲಂ ಎಂದು ಎಣಿಸುವುದರಿಂದ, ಹೆಸರಿಗೆ 20 ಕಾಲಂ ಬಿಟ್ಟ ನಮೂನೆಯಲ್ಲಿ ಒತ್ತಕ್ಷರ ಹೆಚ್ಚಿರುವ ಹೆಸರುಗಳು ಅರ್ಧಕ್ಕೇ ತುಂಡಾಗಿರಬಹುದು. ಆಗ ತುಂಡಾದದ್ದು ಈಗ ಯಾವ ಟರ್ಮಿನಲ್ ತಂದರೂ ಮರಳುವುದಿಲ್ಲ.

ಹಾಗಾದರೆ ಇಂದು ಮಾಡಬೇಕಾದದ್ದೇನು? ಹಳೆಯ ಟರ್ಮಿನಲ್ಲನ್ನು ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಬೇಕಾಗಿಲ್ಲ. ಯಾವುದೇ ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಒಂದು ಕೇಬಲ್ ಮತ್ತು ಪುಟ್ಟಿ, ಟೆರಾ ಟರ್ಮ್ ಅಥವಾ ಮಿನಿಕಾಮ್‌ನಂಥ ಉಚಿತ ತಂತ್ರಾಂಶ ಇದ್ದರೆ ಅದೇ ಒಂದು ಟರ್ಮಿನಲ್. ಇವೆಲ್ಲ ವಿಟಿ100ರಂತೆ ವರ್ತಿಸಬಲ್ಲವು, ಮತ್ತು ಯುನಿಕ್ಸ್ ಯಂತ್ರಗಳ ಪಟ್ಟಿಯಲ್ಲಿ ವಿಟಿ100ರ ನಮೂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೂರು ತಂತಿ ಸಾಕು: ಒಂದು ಕಳಿಸಲು, ಒಂದು ಪಡೆಯಲು, ಒಂದು ಭೂಮಿ (ಗ್ರೌಂಡ್). 25 ಪಿನ್ನಿನ ಕನೆಕ್ಟರಿನಲ್ಲಿ ಅವು 2, 3 ಮತ್ತು 7. ಒಂಬತ್ತು ಪಿನ್ನಿನದರಲ್ಲಿ 2, 3 ಮತ್ತು 5. ಎರಡು ಬಗೆಯ ಕನೆಕ್ಟರುಗಳಲ್ಲಿ 2 ಮತ್ತು 3ರ ಅರ್ಥ ಅದಲುಬದಲಾಗಿರುತ್ತದೆ ಎಂಬುದನ್ನು ಮರೆತವರು ಇಡೀ ಮಧ್ಯಾಹ್ನ ಖಾಲಿ ಪರದೆ ನೋಡುತ್ತ ಕೂರಬೇಕಾಗುತ್ತದೆ. ಕೆಲವು ಯಂತ್ರಗಳು ಟರ್ಮಿನಲ್ ಸಿದ್ಧವಿದೆಯೆಂಬ ಸೂಚನೆ ಬೇರೆ ಪಿನ್ನುಗಳ ಮೂಲಕ ಬರುವ ತನಕ ಲಾಗಿನ್ ತೋರಿಸುವುದಿಲ್ಲ, ಅಲ್ಲಿ ಆ ಪಿನ್ನುಗಳನ್ನೂ ಸೇರಿಸಿ ಕಟ್ಟಬೇಕು. ವೇಗ ಸಾಮಾನ್ಯವಾಗಿ 9600 ಬಾಡ್. ಅಂದರೆ ಸೆಕೆಂಡಿಗೆ 9600 ಬಿಟ್; ಆರಂಭ ಮತ್ತು ಅಂತ್ಯದ ಗುರುತು ಸೇರಿ ಅಕ್ಷರಕ್ಕೆ ಹತ್ತು ಬಿಟ್‌ನಂತೆ ಸೆಕೆಂಡಿಗೆ 960 ಅಕ್ಷರ, 24 ಸಾಲು 80 ಕಾಲಂಗಳ ಒಂದು ಪರದೆ ತುಂಬಲು ಎರಡು ಸೆಕೆಂಡು. ಇಂದಿನವರಿಗೆ ಇದು ಆಮೆಯ ವೇಗವೆನಿಸಬಹುದು, ಆದರೆ ಒಂದು ರಾತ್ರಿ ಬಿಟ್ಟರೆ ಸಂಘದ ಲೆಕ್ಕದಂಥ ಕಡತಗಳ ಬಹುಪಾಲು ಆಚೆ ಬಂದಿರುತ್ತವೆ.

ಕಡತಗಳನ್ನು ಆಚೆ ತರಲು ಪರದೆಯ ಮೇಲೆ ಹರಿದದ್ದನ್ನು ಹಿಡಿದಿಡುವುದು ಸುಲಭದ ದಾರಿ; ನಾನು ಅದನ್ನು ಒಪ್ಪುವುದಿಲ್ಲ. ಸ್ವೀಕರಿಸುವ ಕಡೆ ತಡವಾದರೆ ನಿಲ್ಲಿಸು ಎಂಬ ಕಂಟ್ರೋಲ್-ಎಸ್, ಮುಂದುವರಿಸು ಎಂಬ ಕಂಟ್ರೋಲ್-ಕ್ಯೂ ಸಂಕೇತಗಳನ್ನು ಯಂತ್ರ ಪಾಲಿಸಬೇಕು. ಪಾಲಿಸದಿದ್ದರೆ ಅಕ್ಷರಗಳು ಸದ್ದಿಲ್ಲದೆ ಉದುರಿಹೋಗುತ್ತವೆ, ಮತ್ತು ಲೆಕ್ಕದ ಕಡತದಲ್ಲಿ ಒಂದು ಸೊನ್ನೆ ಉದುರಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆಂದೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ರೂಪುಗೊಂಡ ಕರ್ಮಿಟ್ ಎಂಬ ತಂತ್ರಾಂಶವಿದೆ. ಅದು ಕಡತವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು, ಪ್ರತಿ ಕಟ್ಟಿನ ಮೊತ್ತ ತಾಳೆ ನೋಡಿ, ತಪ್ಪಿದ್ದರೆ ಮತ್ತೆ ಕೇಳಿ ಪಡೆಯುತ್ತದೆ. ಏಳು ಬಿಟ್ ಮಾತ್ರ ದಾಟುವ ತಂತಿಯ ಮೇಲೂ ಎಂಟನೆಯ ಬಿಟ್ಟನ್ನು ಒಂದು ಪೂರ್ವಚಿಹ್ನೆಯ ಮೂಲಕ ಸೂಚಿಸಿ ದಾಟಿಸುವುದರಿಂದ, ನಮ್ಮ ಇಸ್ಕಿ ಕನ್ನಡ ಅದರಲ್ಲಿ ಕ್ಷೇಮವಾಗಿ ಬರುತ್ತದೆ. ಹೊರಬಂದ ಇಸ್ಕಿಯನ್ನು ಇಂದಿನ ಕಂಪ್ಯೂಟರುಗಳ ಸಂಕೇತ ಪದ್ಧತಿಯಾದ ಯುನಿಕೋಡ್‌ಗೆ ತಿರುಗಿಸುವುದೂ ಕಷ್ಟವಲ್ಲ. ವಿಂಡೋಸ್‌ನಲ್ಲೇ ಕನ್ನಡ ಇಸ್ಕಿಗೆ 57008 ಎಂಬ ಕೋಡ್‌ಪೇಜ್ (ಸಂಕೇತ ಪಟ್ಟಿ) ಇದೆ, ಐಸಿಯು ಎಂಬ ಮುಕ್ತ ಲೈಬ್ರರಿಯಲ್ಲೂ ಪರಿವರ್ತಕವಿದೆ. ಯುನಿಕೋಡ್‌ನ ಕನ್ನಡ ವಿಭಾಗವನ್ನು ಇಸ್ಕಿಯ ಹಿಂದಿನ ಆವೃತ್ತಿಯ ಮಾದರಿಯಲ್ಲೇ ರೂಪಿಸಿದ್ದರಿಂದ ಎರಡರ ನಡುವೆ ದೂರ ಕಡಿಮೆ.

ಇಷ್ಟೆಲ್ಲ ಶ್ರಮ ಹಳೆಯ ಲೆಕ್ಕಕ್ಕೆ ಬೇಕೇ ಎಂದು ಆಡಳಿತ ಮಂಡಳಿಯ ಸದಸ್ಯರೊಬ್ಬರು ಕೇಳಿದ್ದಾರೆ. 1996ರಲ್ಲಿ ಪೂರ್ತಿ ಕೊನೆಗೊಂಡ ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಪೂಲ್‌ಗೆ, ಅಂದರೆ ಮಂಡಳಿಯ ಸಾಮೂಹಿಕ ದಾಸ್ತಾನಿಗೆ, ಒಪ್ಪಿಸಿ, ಹಣವನ್ನು ಕಂತು ಕಂತಾಗಿ ಪಡೆಯುತ್ತಿದ್ದ. ಯಾರ ತೋಟದಿಂದ ಎಷ್ಟು ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ), ಎಷ್ಟು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಬಂತೆಂಬ ವರ್ಷವಾರು ಲೆಕ್ಕ ಇಂದು ಹಿಸ್ಸೆಯ ತಕರಾರಿನಲ್ಲಿರುವ ಎಷ್ಟೋ ಕುಟುಂಬಗಳಿಗೆ ಬೇಕಾದ ದಾಖಲೆ. ಕಾಗದದ ಲೆಡ್ಜರುಗಳಿವೆಯಲ್ಲ ಎನ್ನುವವರು ಮಲೆನಾಡಿನ ಮಳೆಗಾಲದಲ್ಲಿ ಅವುಗಳಿಗೆ ಒದಗಿರುವ ಗತಿಯನ್ನು ಒಮ್ಮೆ ಕಪಾಟು ತೆರೆದು ನೋಡಲಿ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಮನವಿ ಇಷ್ಟು. ಡಿಸ್ಕಿನ ಪೂರ್ಣ ಪ್ರತಿ ಹೊರಬಂದು, ಅದನ್ನು ಇಬ್ಬರು ಸದಸ್ಯರ ಎದುರು ಓದಿ ತಾಳೆ ನೋಡುವ ತನಕ ಹರಾಜು ಮುಂದೂಡಬೇಕು. ಅದುವರೆಗೆ ಯಂತ್ರವನ್ನು ಸುಮ್ಮಸುಮ್ಮನೆ ಹಚ್ಚಿ ಆರಿಸಬಾರದು, ಏಕೆಂದರೆ ವರ್ಷಗಟ್ಟಲೆ ನಿಂತ ಡಿಸ್ಕ್ ಎಷ್ಟು ಸಲ ಮತ್ತೆ ತಿರುಗೀತು ಎಂದು ಯಾರೂ ಭರವಸೆ ಕೊಡಲಾರರು. ಕೇಬಲ್, ಲ್ಯಾಪ್‌ಟಾಪ್, ಕರ್ಮಿಟ್ ಎಲ್ಲವೂ ಕೈಗೆ ಬಂದ ಮೇಲೆ, ಮೇಲ್ವಿಚಾರಕನ ಪಾಸ್‌ವರ್ಡ್ ಬಲ್ಲ ಹಳೆಯ ನೌಕರರನ್ನು ಕರೆಸಿಕೊಂಡೇ ಹಚ್ಚಬೇಕು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆಗಳಂಥ ಕಡೆ ವಿದ್ಯಾರ್ಥಿಗಳು ಲಿನಕ್ಸ್‌ನಲ್ಲಿ ದಿನವೂ ತೆರೆಯುವ ಟರ್ಮಿನಲ್ ಕಿಟಕಿ ಈ ವಿಟಿ100ರ ಪರಂಪರೆಯದೇ ಆಗಿರುವುದರಿಂದ, ಅಧ್ಯಾಪಕರು ಮನಸ್ಸು ಮಾಡಿದರೆ ಇದೊಂದು ಒಳ್ಳೆಯ ಪ್ರಾಜೆಕ್ಟ್ ಕೂಡ ಆದೀತು. ಸಂಘ ಒಪ್ಪಿದರೆ ಕೇಬಲ್ ಕಟ್ಟಿಕೊಡುವ, ಪಕ್ಕದಲ್ಲಿ ಕೂತು ಎಸ್‌ಟಿಟಿವೈ ಹೊಂದಿಸಿಕೊಡುವ ಕೆಲಸಕ್ಕೆ ನಾನು ಪ್ರತಿಫಲವಿಲ್ಲದೆ ಬರಲು ಸಿದ್ಧನಿದ್ದೇನೆ. ಹೊಸದಾಗಿ ಕೊಳ್ಳಲಿರುವ ಲೆಕ್ಕಪತ್ರ ವ್ಯವಸ್ಥೆಯ ಟೆಂಡರಿನಲ್ಲಿ, ಅದಕ್ಕೆ ಜೋಡಣೆಯಾಗುವ ತೂಕದ ಯಂತ್ರ, ಪ್ರಿಂಟರ್, ಸ್ಕ್ಯಾನರುಗಳ ಸಂಕೇತ ವಿವರವನ್ನು ಮುದ್ರಿತ ರೂಪದಲ್ಲಿ ಸಂಘಕ್ಕೆ ಒಪ್ಪಿಸಬೇಕೆಂಬ ಒಂದು ಷರತ್ತನ್ನು ಸೇರಿಸುವುದಕ್ಕೆ ಇನ್ನೂ ಸಮಯವಿದೆ; ಟೆಂಡರ್ ನಮೂನೆ ಈಗ ಕರಡಿನ ಹಂತದಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಂಪ್ಯೂಟರ್ ನಿರ್ವಾಹಕ, ಹಾಸನ